ಕಂಡಕ್ಟರಣ್ಣನ ಎಡಗಾಲು

ಬೆಳ್ತಂಗಡಿಯ ಡಾಕ್ಟರ ಕೋಣೆಯಲ್ಲಿ ಆ ದಿನ ನಾವು ಐದು ಜನ ಇದ್ದೆವು. ಮೇಜಿನ ಆಚೆ ನನ್ನ ಮಗಳಿಗಿಂತಲೂ ಚಿಕ್ಕ ಪ್ರಾಯದ ಡಾಕ್ಟರಮ್ಮ, ಅವರ ಪಕ್ಕದಲ್ಲಿ ನರ್ಸ್. ಈಚೆ ನಾನು, ನನ್ನ ಯಜಮಾನರು, ಮತ್ತು ನಮ್ಮಿಬ್ಬರನ್ನೂ ಮೂಡುಬಿದಿರೆಯಿಂದ ಕಾರಿನಲ್ಲಿ ಕರೆತಂದ ಮಗಳು. ನನ್ನ ಎಡಗಾಲು ಸ್ಟೂಲಿನ ಮೇಲಿತ್ತು. ಪಾದದ ಗಂಟಿನಿಂದ ಮೇಲಕ್ಕೆ ಒಂದು ಗೇಣು ಚರ್ಮ ಹಳೇ ತಾಮ್ರದ ಚೆಂಬಿನ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಹೊಟ್ಟು ಎದ್ದಿತ್ತು. ಸಂಜೆಯಾದರೆ ತುರಿಕೆ; ತುರಿಸಿದರೆ ಉರಿ. ಮೂರು ತಿಂಗಳಿನಿಂದ ಯಾರಿಗೂ ಹೇಳದೆ ಸೀರೆಯ ಅಂಚಿನೊಳಗೆ ಮುಚ್ಚಿಟ್ಟುಕೊಂಡಿದ್ದೆ.

ಡಾಕ್ಟರಮ್ಮ ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಬಿದ್ದ ಗುಳಿ ಸ್ವಲ್ಪ ಹೊತ್ತು ಹಾಗೆಯೇ ಉಳಿಯಿತು. "ತುಂಬಾ ವರ್ಷ ನಿಂತು ಕೆಲಸ ಮಾಡಿದ್ರಾ ಅಮ್ಮಾ?" ಎಂದು ಕೇಳಿದರು. ಟೀಚರಾಗಿದ್ದೆ ಎಂದೆ. ಅವರಿಗೆ ಅಷ್ಟು ಸಾಕಾಯಿತು. ನರ್ಸ್ ಡ್ರಾಯರ್ ಎಳೆದು, ಎಳೆದರೆ ಹಿಗ್ಗುವ ಮೈಬಣ್ಣದ ಬ್ಯಾಂಡೇಜಿನ ಸುರುಳಿಯೊಂದನ್ನು ತೆಗೆದು ಅದರ ಕಾಗದ ಹರಿದರು. ಒಳಗಿನಿಂದ ಎರಡು ಪುಟ್ಟ ಸ್ಟೀಲಿನ ಕ್ಲಿಪ್ಪುಗಳು, ಎರಡೂ ತುದಿಗೆ ಹಲ್ಲಿರುವಂಥವು, ಮೇಜಿನ ಗಾಜಿನ ಮೇಲೆ ಟಿಣ್ ಎಂದು ಬಿದ್ದವು.

"ಕಂಡಕ್ಟರಣ್ಣ..." ಎಂದು ನನ್ನ ಬಾಯಿಯಿಂದ ಬಂದುಬಿಟ್ಟಿತು.

"ಎಂತದು? ಇಲ್ಲಿಯೂ ಟಿಕೆಟ್ ಮಾಡ್ಲಿಕ್ಕುಂಟಾ?" ಎಂದರು ಯಜಮಾನರು. ನರ್ಸಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಆದರೆ ಕಣ್ಣು ಮಾತ್ರ ಆ ಕ್ಲಿಪ್ಪುಗಳ ಮೇಲೆಯೇ ಇತ್ತು. ಅಂಥ ಕ್ಲಿಪ್ಪುಗಳನ್ನು ನಾನು ಮೊದಲು ನೋಡಿದ್ದು ಬಂಟ್ವಾಳದಲ್ಲಿ, ಇನ್ನೊಬ್ಬರ ಎಡಗಾಲಿನ ಮೇಲೆ.

ಆಗ ನಾನು ಮಡಂತ್ಯಾರಿನ ಒಂದು ಶಾಲೆಯಲ್ಲಿ ಟೀಚರ್. ಮನೆ ಮೂಡುಬಿದಿರೆ. ಬೆಳಿಗ್ಗೆ ಮೂಡುಬಿದಿರೆಯಿಂದ ಹೊರಟು ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ ಮುಟ್ಟಿ, ಅಲ್ಲಿಂದ ತಿರುಗಿ ಮಡಂತ್ಯಾರಿನ ಮೇಲೆ ಬಂಟ್ವಾಳಕ್ಕೆ ಹೋಗುವ ಒಂದು ಸರ್ವಿಸ್ ಬಸ್ಸಿತ್ತು. ಹಿಂದಿನಿಂದ ಬೇರೆ ಕಂಪೆನಿಯ ಬಸ್ಸು ಹಾರನ್ ಹಾಕಿಕೊಂಡು ಬರುತ್ತಿರುವಾಗ ಅದಕ್ಕೆ ನಿಲ್ಲುವ ವ್ಯವಧಾನ ಎಲ್ಲಿಯದು! ನಿಂತ ಹಾಗೆ ಮಾಡಿ ಹೊರಡುತ್ತಿತ್ತು. ಹತ್ತುವವರ ಒಂದು ಕಾಲು ಇನ್ನೂ ನೆಲದ ಮೇಲಿರುವಾಗಲೇ ವಿಸಿಲ್ ಬೀಳುತ್ತಿತ್ತು, ಜೊತೆಗೆ ತುಳುವಿನಲ್ಲಿ ಹೋಗೋಣ ಎಂಬ ಕೂಗು. "ರೈಟ್, ಪೋಯಿ!"

ನನ್ನ ಮಗಳಿಗೆ ಆಗಷ್ಟೇ ಒಂದು ವರ್ಷ ತುಂಬಿತ್ತು. ವೇಣೂರಿನಲ್ಲಿ ರಸ್ತೆಯ ಬದಿಗೇ ನನ್ನ ಅಮ್ಮನ ಮನೆ. ಮಗುವನ್ನು ಅಲ್ಲಿ ಬಿಟ್ಟು ನಾನು ಶಾಲೆಗೆ ಹೋಗಬೇಕು. ನಾನು ಇಳಿದು, ಮಗುವನ್ನು ಕೊಟ್ಟು, ಅದರ ಅಳು ನಿಲ್ಲಿಸಿ, ಮತ್ತೆ ಹತ್ತುವ ತನಕ ಕಾಯುವ ಬಸ್ಸು ನಮ್ಮ ಸೀಮೆಯಲ್ಲಿ ಹುಟ್ಟಿರಲಿಲ್ಲ. ಅದಕ್ಕೊಂದು ಉಪಾಯ ಮಾಡಿಕೊಟ್ಟವರು ಆ ಬಸ್ಸಿನ ಕಂಡಕ್ಟರಣ್ಣ.

ಸಪೂರ ಆಳು. ಚಾರ್ಮಾಡಿಯವರು. ವಾರಕ್ಕೊಮ್ಮೆ ಮನೆಗೆ ಹೋಗುವುದು, ಉಳಿದ ದಿನ ಬಸ್ಸೇ ಮನೆ. ಕಿವಿಯ ಸಂದಿನಲ್ಲೊಂದು ಪೆನ್ಸಿಲ್, ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ವಿಸಿಲ್. ವೇಣೂರು ಹತ್ತಿರವಾಗುತ್ತಿದ್ದಂತೆ ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಬಾಗಿಲಿಗೆ ಹೋಗುತ್ತಿದ್ದರು. ಒಂದು ಕೈಯಲ್ಲಿ ಬಾಗಿಲಿನ ಸರಳು, ಇನ್ನೊಂದರಲ್ಲಿ ನನ್ನ ಮಗು. ಅಲ್ಲಿ ರಸ್ತೆಯ ಬದಿಯಲ್ಲಿ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಚಾಚಿ ನಿಂತಿರುತ್ತಿದ್ದರು. ಬಸ್ಸು ನಿಂತ ಹಾಗೆ ಮಾಡುವಷ್ಟರಲ್ಲಿ ಮಗು ಇವರ ತೋಳಿನಿಂದ ಅವರ ತೋಳಿಗೆ ಹೋಗಿಯಾಗುತ್ತಿತ್ತು.

"ಪಾರ್ಸೆಲ್ ಬಂತು ಅಮ್ಮಾ, ಸೈನ್ ಹಾಕಿ!"

"ನಿನ್ನ ತಲೆ! ಮೆಲ್ಲ ಕೊಡು, ಹಲಸಿನ ಹಣ್ಣಾ ಅದು?" ಎಂದು ಅಮ್ಮ ಬೈಯುತ್ತಿದ್ದರು. ಮಗು ನಗುತ್ತಿತ್ತು. ಸಂಜೆ ಇದೇ ಆಟ ತಿರುಗಾಮುರುಗಾ. ಹೀಗೆ ಎಷ್ಟೋ ತಿಂಗಳು ನಡೆಯಿತು. ಒಂದು ದಿನವೂ ಮಗುವಿನ ಟೊಪ್ಪಿ ಕೂಡ ಕೆಳಗೆ ಬಿದ್ದದ್ದಿಲ್ಲ.

ಮೊದಲೆಲ್ಲ ಅವರು ಟಿಕೆಟ್ ಹರಿದಾದ ಮೇಲೆ ಹಿಂದಿನ ಬಾಗಿಲಿನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು, ಕೂತಲ್ಲಿಂದಲೇ ವಿಸಿಲ್ ಊದುತ್ತಿದ್ದರು. ಯಾವಾಗಿನಿಂದಲೋ ಅದು ನಿಂತಿತು. ಬಸ್ಸು ಖಾಲಿ ಇದ್ದರೂ ನಿಂತೇ ಇರುತ್ತಿದ್ದರು. ಬೆಳಿಗ್ಗೆ ಆರೂವರೆಗೆ ನಿಂತವರು ಬಸ್ಸು ರಾತ್ರಿ ಹಾಲ್ಟ್ ಆಗುವವರೆಗೆ ನಿಂತೇ. ಬಸ್ಸಿನ ಧಣಿಗಳು ಏನೋ ಹೇಳಿರಬೇಕು ಎಂದುಕೊಂಡೆವು ನಾವು.

ಆ ಮಳೆಗಾಲದಲ್ಲಿ ಅವರ ಖಾಕಿ ಪ್ಯಾಂಟಿನ ಎಡಗಾಲಿನ ತುದಿಯಲ್ಲಿ ಒಂದು ಒದ್ದೆ ಕಲೆ ಕಾಣತೊಡಗಿತು. ಮಳೆಯದ್ದಿರಬೇಕು ಎಂದು ಎಣಿಸಿದೆ. ಮಳೆ ಬಿಟ್ಟ ದಿನವೂ ಅದು ಇತ್ತು. ಟಿಕೆಟ್ ಹರಿಯುತ್ತಾ ಬಲಗಾಲಿನ ಚಪ್ಪಲಿಯಿಂದ ಎಡಗಾಲನ್ನು ಉಜ್ಜುತ್ತಿದ್ದರು. ಉಜ್ಜುವಾಗ ಅವರ ಮುಖ ನೋಡಬೇಕು... ಸುಖವೂ ನೋವೂ ಒಟ್ಟಿಗೆ.

ಇದಕ್ಕೆ ಮದ್ದು ಹೇಳಿದವರು, ಬಸ್ಸಿನವರೆಲ್ಲ ಕಾಕ ಎಂದು ಕರೆಯುತ್ತಿದ್ದ ಒಬ್ಬರು. ಪುತ್ತಿಗೆಯ ಕಡೆಯ ಬ್ಯಾರಿ ಮುಸ್ಲಿಮರು. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದು ಬೆಳ್ತಂಗಡಿಯಲ್ಲಿ ಸೆಂಟು, ಸೋಪು, ಬಾಮುಗಳ ಅಂಗಡಿ ಇಟ್ಟಿದ್ದರು. ದಿನಾ ಮೂಡುಬಿದಿರೆಯಲ್ಲಿ ಬಸ್ಸು ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂರುವವರು. ಲೋಕದ ಎಲ್ಲ ಕಾಯಿಲೆಗೂ ಅವರ ಹತ್ತಿರ ಒಂದೇ ಮದ್ದು, ಹಸಿರು ಎಣ್ಣೆಯ ಸಣ್ಣ ಬಾಟ್ಲಿ. ನಮ್ಮಲ್ಲಿ ಗಲ್ಫಿನಿಂದ ಯಾರು ಬಂದರೂ ಪೆಟ್ಟಿಗೆಯ ಮೂಲೆಯಲ್ಲಿ ಅದು ಇರಲೇಬೇಕು. ಮುಚ್ಚಳ ತೆಗೆದರೆ ಸಾಕು, ಕಣ್ಣಲ್ಲಿ ನೀರು.

"ಹಚ್ಚು ಮಾರಾಯ. ಉರಿದ್ರೆ ಮದ್ದು ಒಳಗೆ ಹೋಗ್ತಾ ಉಂಟು ಅಂತ ಅರ್ಥ" ಎಂದು ಕಾಕ ಹೇಳಿದರು.

ಕಂಡಕ್ಟರಣ್ಣ ನಂಬಿದರು. ಉರಿಯಿತು. ಉರಿದಷ್ಟೂ ಹಚ್ಚಿದರು. ಒಂದು ಬಾಟ್ಲಿ ಮುಗಿದು ಎರಡನೆಯದು ಬಂತು. ಬಸ್ಸಿನೊಳಗೆಲ್ಲ ಆ ಎಣ್ಣೆಯ ಘಾಟು. ಪ್ಯಾಂಟಿನ ಕಲೆ ಮಾತ್ರ ಅಂಗೈಯಗಲ ಆಯಿತು.

ಆಮೇಲೆ ಬಸ್ಸಿನಲ್ಲಿ ಪಿಸುಮಾತು ಸುರುವಾಯಿತು. ಹಿಂದಿನ ವರ್ಷ ವೇಣೂರು ದಾಟಿದ ಮೇಲಿನ ತಿರುವಿನಲ್ಲಿ, ನಾಗನ ಕಟ್ಟೆಯ ಎದುರಿಗೇ, ಇದೇ ಬಸ್ಸಿನ ಹಿಂದಿನ ಚಕ್ರಕ್ಕೆ ಒಂದು ನಾಗರಹಾವು ಸಿಕ್ಕಿತ್ತು. ಧಣಿಗಳು ಕ್ರಮ ಪ್ರಕಾರ ಅದರ ಸಂಸ್ಕಾರ ಮಾಡಿಸಿದ್ದರು, ಕಂಡಕ್ಟರಣ್ಣ ಕೂಡ ಅದರಲ್ಲಿ ಕೈಜೋಡಿಸಿದ್ದರು. ಆದರೂ ನಮ್ಮ ಕಡೆ ಚರ್ಮಕ್ಕೆ ಏನಾದರೂ ಬಂದರೆ ಮೊದಲು ಬಾಯಿಗೆ ಬರುವ ಮಾತು ಸರ್ಪದೋಷವೇ. ದೋಷವೋ, ಕಜ್ಜಿಯೋ, ಅದು ಹರಡುತ್ತದೆ ಎಂದೂ ಯಾರೋ ಸೇರಿಸಿದರು. ನಾನು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಕೇಳಿ ಸುಮ್ಮನಿದ್ದೆ.

ಒಂದು ಬೆಳಿಗ್ಗೆ ವೇಣೂರು ಹತ್ತಿರ ಬರುತ್ತಿತ್ತು. ಕಂಡಕ್ಟರಣ್ಣ ಬಗ್ಗಿ ಪ್ಯಾಂಟಿನೊಳಗೆ ಕೈ ಹಾಕಿ ಕಾಲು ಕೆರೆದದ್ದನ್ನು ನಾನು ನೋಡಿದೆ. ಮರುಕ್ಷಣ ಎಂದಿನ ಹಾಗೆ ನಗುತ್ತಾ ಅದೇ ಕೈಯನ್ನು ಮಗುವಿನ ಕಡೆಗೆ ಚಾಚಿದರು. ನಾನು ಮಗುವನ್ನು ಎದೆಗೆ ಒತ್ತಿಕೊಂಡೆ.

"ಇವತ್ತು ನಾನೇ ಇಳಿದು ಕೊಡ್ತೇನೆ."

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ ಕಾಲು ನೋಡಿಕೊಂಡರು. "ಆಯ್ತು ಟೀಚರೇ" ಎಂದರು. ಉದ್ದಕ್ಕೆ ವಿಸಿಲ್ ಊದಿ ಬಸ್ಸನ್ನು ಪೂರ್ತಿಯಾಗಿ ನಿಲ್ಲಿಸಿದರು. "ಎಂತ ಮಾರಾಯ, ದಿಬ್ಬಣ ಇಳಿಸ್ಲಿಕ್ಕುಂಟಾ?" ಎಂದು ಡ್ರೈವರ್ ಎದುರಿನಿಂದ ಬೊಬ್ಬೆ ಹಾಕಿದರು. ನಾನು ಇಳಿಯುವಾಗ ಕಂಡಕ್ಟರಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ನನ್ನ ಸೆರಗು ಕೂಡ ತಗಲದ ಹಾಗೆ ಸೀಟಿಗೆ ಒರಗಿ ನಿಂತರು. ಅಮ್ಮ ಮಗುವನ್ನು ತೆಗೆದುಕೊಂಡು ನನ್ನ ಮುಖ ನೋಡಿದರು. "ಅವನಿಗೆ ಹುಷಾರಿಲ್ವಾ?" ಎಂದು ಮಾತ್ರ ಕೇಳಿದರು.

ಮರುದಿನದಿಂದ ಅವರು ಕೈ ಚಾಚಲಿಲ್ಲ. ನಾನು ಕೇಳದೆಯೇ ಬಸ್ಸು ವೇಣೂರಿನಲ್ಲಿ ಪೂರ್ತಿ ನಿಲ್ಲುತ್ತಿತ್ತು.

ಒಂದು ವಾರ ಕಳೆದಿರಬೇಕು. ಕಾಕ ಹಿಂದಿನ ಸೀಟಿನಿಂದ ಬಗ್ಗಿ ಮೆಲ್ಲಗೆ ಮಾತಾಡಿದರು. "ಟೀಚರ್, ನಿನ್ನೆ ಅವನ ಕಾಲು ನೋಡಿದೆ. ನನ್ನ ಎಣ್ಣೆಯೇ ಅದನ್ನು ತಿಂದದ್ದು ಅಂತ ಕಾಣ್ತದೆ. ನನಗೆ ಅನ್ನ ಸೇರುದಿಲ್ಲ." ಇನ್ನೊಂದು ಸಂಗತಿಯೂ ಅವರಿಂದಲೇ ಗೊತ್ತಾಯಿತು. ಯಾರೋ ಪ್ಯಾಸೆಂಜರು ದೂರು ಕೊಟ್ಟಿದ್ದರಂತೆ. ದೀಪಾವಳಿಯೊಳಗೆ ಕಾಲು ಗುಣವಾಗದಿದ್ದರೆ ಬಸ್ಸಿನಿಂದ ಇಳಿಯಬೇಕು ಎಂದು ಧಣಿಗಳು ಹೇಳಿಯಾಗಿತ್ತು. ಆ ಮನುಷ್ಯನಿಗೆ ಬಸ್ಸು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ದೂರು ಕೊಟ್ಟವಳು ನಾನಲ್ಲ. ಆದರೆ ಎಲ್ಲರ ಎದುರು ಮಗುವನ್ನು ಎಳೆದುಕೊಂಡವಳು ನಾನೇ ಅಲ್ಲವೇ? ಅದಕ್ಕಿಂತ ದೊಡ್ಡ ದೂರು ಯಾವುದು...

"ಬಂಟ್ವಾಳದಲ್ಲಿ ಒಬ್ಬರು ಡಾಕ್ಟ್ರು ಉಂಟು. ಶನಿವಾರ ಮಧ್ಯಾಹ್ನ ಕರ್ಕೊಂಡು ಹೋಗುವ" ಎಂದರು ಕಾಕ. "ನೀವೂ ಬನ್ನಿ. ಡಾಕ್ಟ್ರು ಹೇಳಿದ್ದು ಬರ್ಕೊಳ್ಳಿಕ್ಕೆ ಒಬ್ಬರು ಬೇಕು. ನಾವಿಬ್ಬರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವರು."

ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಮಡಂತ್ಯಾರಿನಿಂದ ಅದೇ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋದೆ. ಕಾಕ ಅಂಗಡಿಗೆ ಬಾಗಿಲು ಹಾಕಿ ಬಂದಿದ್ದರು. ಬಸ್ಸಿಗೆ ಅಲ್ಲಿ ಮುಕ್ಕಾಲು ಗಂಟೆ ಬಿಡುವು. ಡಾಕ್ಟರು ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ. ಪ್ಯಾಂಟು ಮಡಚಿದ ಕೂಡಲೇ ಮೂಗು ಅರಳಿಸಿದರು.

"ಯಾರು ಇದರ ಗಲ್ಫ್ ಡಾಕ್ಟ್ರು?"

"ನಾನೇ ಸಾರ್" ಎಂದು ಕಾಕ ತಲೆತಗ್ಗಿಸಿದರು.

"ಇನ್ನು ಆ ಬಾಟ್ಲಿ ತಲೆನೋವಿಗೆ ಇಟ್ಕೊಳ್ಳಿ. ಇಲ್ಲಿಗೆ ಬೇಡ."

ಡಾಕ್ಟರು ಆ ಕಾಲನ್ನು ಬರಿಗೈಯಲ್ಲಿ ಹಿಡಿದರು. ನಾನು ನೋಡುತ್ತಿದ್ದೆ. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು, ಊದಿದಲ್ಲಿ ಒತ್ತಿದರು, ಹಾವಿನ ಹಾಗೆ ಸುತ್ತಿಕೊಂಡಿದ್ದ ನರಗಳ ಮೇಲೆ ಬೆರಳು ಆಡಿಸಿದರು. ಆಮೇಲೆ ಹೇಳಿದರು. "ನಿಮ್ಮದು ಚಾರ್ಮಾಡಿ ಅಲ್ವಾ? ಘಾಟಿ ಇಳಿಯುದು ಸುಲಭ, ಹತ್ತುದು ಕಷ್ಟ. ರಕ್ತಕ್ಕೂ ಹಾಗೆಯೇ. ಕಾಲಿಗೆ ಇಳಿದು ಹೋಗ್ತದೆ. ಮೇಲೆ ಬರ್ಲಿಕ್ಕೆ ಆಗುದಿಲ್ಲ, ಅಲ್ಲೇ ನಿಲ್ತದೆ. ನಿಂತ ನೀರು ಗೋಡೆ ಹಾಳು ಮಾಡುದಿಲ್ವಾ? ಇದು ಚರ್ಮ ಹಾಳು ಮಾಡ್ತದೆ. ಕಜ್ಜಿ ಅಲ್ಲ. ಒಬ್ಬರಿಂದ ಒಬ್ಬರಿಗೆ ಬರುವಂಥದ್ದೂ ಅಲ್ಲ."

ನನ್ನ ಪೆನ್ನು ಅಲ್ಲೇ ನಿಂತಿತು. "ಬರ್ದ್ರಾ ಟೀಚರ್?" ಎಂದು ಕಾಕ ಕೇಳಿದರು. ಬರೆದೆ. ಕೆಳಗೊಂದು ಗೆರೆಯನ್ನೂ ಎಳೆದೆ.

"ದಿನಕ್ಕೆ ಎಷ್ಟು ಹೊತ್ತು ಕೂರ್ತೀರಿ?" ಎಂದು ಡಾಕ್ಟರು ಕೇಳಿದರು.

"ಬಸ್ಸಲ್ಲಿ ಕೂರುದಿಲ್ಲ ಸಾರ್."

"ಯಾಕೆ, ಧಣಿ ಬೈತಾರಾ?"

ಕಂಡಕ್ಟರಣ್ಣ ಗೋಡೆ ನೋಡಿದರು. "ಹರಕೆ ಉಂಟು ಸಾರ್."

ಅಲ್ಲಿಯ ತನಕ ಅದು ಯಾರಿಗೂ ಗೊತ್ತಿರಲಿಲ್ಲ. ಹಾವು ಚಕ್ರಕ್ಕೆ ಸಿಕ್ಕಿದ ದಿನ ಅವರು ಹಿಂದಿನ ಸೀಟಿನಲ್ಲಿ ಕೂತಿದ್ದರಂತೆ. ಒಬ್ಬರು ಇಳಿದ ಕೂಡಲೇ ಹೊರಗೆ ಇಣುಕದೆ, ಕೂತಲ್ಲಿಂದಲೇ ವಿಸಿಲ್ ಊದಿದರಂತೆ. ಬಾಗಿಲಲ್ಲಿ ನಿಂತಿದ್ದರೆ ಕಾಣುತ್ತಿತ್ತು. ಡ್ರೈವರಿಗೆ ಹಿಂದಿನ ಚಕ್ರ ಕಾಣುವುದಿಲ್ಲವಲ್ಲ, ವಿಸಿಲ್ ತಮ್ಮದು, ಹಾಗಾಗಿ ತಪ್ಪೂ ತಮ್ಮದೇ. ಕೆಲವು ವಾರ ಕಳೆದು ಕಾಲು ತುರಿಸಲು ಸುರುವಾದಾಗ ಆ ನಾಗನ ಕಟ್ಟೆಯ ಎದುರು ಕೈಮುಗಿದು ಹೇಳಿಕೊಂಡರಂತೆ, ಈ ಕಾಲು ಒಣಗುವ ತನಕ ಬಸ್ಸಿನಲ್ಲಿ ಕೂರುವುದಿಲ್ಲ ಎಂದು.

ಕೋಣೆಯಲ್ಲಿ ಯಾರೂ ನಗಲಿಲ್ಲ. ಡಾಕ್ಟರು ಕನ್ನಡಕ ತೆಗೆದಿಟ್ಟರು. "ಹರಕೆಗೆ ನನ್ನ ಹತ್ರ ಮದ್ದಿಲ್ಲ. ಆದರೆ ನೋಡಿ, ನಿಂತಷ್ಟು ದಿನ ಕಾಲು ಒಣಗುದಿಲ್ಲ. ಕಾಲು ಒಣಗುವ ತನಕ ನೀವು ಕೂರುದಿಲ್ಲ. ಇದು ಎಲ್ಲಿಗೆ ಹೋಗಿ ಮುಟ್ತದೆ?" ಎಂದರು. ಮತ್ತೆ ಎದ್ದು ತಾವೇ ಕಾಲು ತೊಳೆದು, ಮುಲಾಮು ಹಚ್ಚಿ, ಬೆರಳ ಬುಡದಿಂದ ಮೊಣಕಾಲಿನ ಕೆಳಗಿನ ತನಕ ಆ ಹಿಗ್ಗುವ ಬ್ಯಾಂಡೇಜು ಸುತ್ತಿದರು. ಕೊನೆಗೆ ಎರಡು ಕ್ಲಿಪ್ಪು ಸಿಕ್ಕಿಸಿದರು. ಎಡೆ ಸಿಕ್ಕಿದಾಗಲೆಲ್ಲ ಕೂರಬೇಕು, ಕೂತರೆ ಕಾಲು ಮೇಲಿಡಬೇಕು, ಒಣಗಿದ ಮೇಲೆ ಬರೀ ತೆಂಗಿನೆಣ್ಣೆ ಸಾಕು, ಕೆರೆಯಬಾರದು. ನಾನು ಎಲ್ಲವನ್ನೂ ಬರೆದುಕೊಂಡೆ.

ಬಸ್ಸಿಗೆ ನಡೆದು ಬರುವಾಗ ಕಂಡಕ್ಟರಣ್ಣ ಹೇಳಿದರು. "ಕಟ್ಟುದೆಲ್ಲ ಕಟ್ತೇನೆ ಟೀಚರೇ. ಕೂರುದು ಮಾತ್ರ ಆಗ್ಲಿಕ್ಕಿಲ್ಲ. ನಾಗನ ಎದುರು ನಿಂತು ಹೇಳಿದ ಮಾತು." ಕಾಕ ಆಕಾಶ ನೋಡಿದರು. "ನಾನು ಇದರಲ್ಲಿ ಎಂತ ಹೇಳುದು ಮಾರಾಯ" ಎಂದರು.

ಆ ಸಂಜೆ ವೇಣೂರಿನಲ್ಲಿ ನಾನು ಇಳಿದು ಬಸ್ಸನ್ನು ಹೋಗಲು ಬಿಟ್ಟೆ. ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮಗುವನ್ನು ಕೊಡದೆ ಇಟ್ಟುಕೊಂಡದ್ದನ್ನೂ ಹೇಳಿದೆ. ಅಮ್ಮ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಆದರೆ ನಾನು ಆಡುವ ಮಾತುಗಳಲ್ಲಿ ಒಳ್ಳೆಯವು ಇದ್ದರೆ ಅವೆಲ್ಲ ಅವರಿಂದಲೇ ಬಂದವು. ಅವರು ನನಗೆ ಬೈಯಲಿಲ್ಲ. "ಸೋಮವಾರ ನಾನೂ ಬಸ್ಸಿಗೆ ಬರ್ತೇನೆ" ಎಂದರು, ಅಷ್ಟೇ.

ಸೋಮವಾರ ವೇಣೂರಿನಲ್ಲಿ ಮಗುವನ್ನು ಕೊಡಲು ನಾನು ಎದ್ದರೆ, ಅಮ್ಮನೇ ಬಸ್ಸು ಹತ್ತಿದರು. ಒಂದು ಕೈಯಲ್ಲಿ ಹಾಲಿನ ಗಿಂಡಿ, ಇನ್ನೊಂದರಲ್ಲಿ ಒಂದು ಎಳನೀರು. ತಿರುವು ಬಂದಾಗ "ನಿಲ್ಸು" ಎಂದರು.

"ಇಲ್ಲಿ ಸ್ಟಾಪಿಲ್ಲ ಅಮ್ಮಾ" ಎಂದರು ಡ್ರೈವರ್.

"ನನಗುಂಟು."

ಡ್ರೈವರ್ ಬಸ್ಸು ನಿಲ್ಲಿಸಿದ್ದು ಮಾತ್ರವಲ್ಲ, ಇಂಜಿನ್ನನ್ನೂ ಆಫ್ ಮಾಡಿದರು. ಹಿಂದಿನಿಂದ ಬಂದ ಬಸ್ಸು ಹಾರನ್ ಹಾಕುತ್ತಾ ನಮ್ಮನ್ನು ದಾಟಿ ಹೋಯಿತು. ನಮ್ಮ ಡ್ರೈವರ್ ಅದರತ್ತ ತಿರುಗಿಯೂ ನೋಡದ್ದು ಅದೊಂದೇ ದಿನ.

ಅಮ್ಮ, ಕಂಡಕ್ಟರಣ್ಣ, ಮಗುವನ್ನು ಎತ್ತಿಕೊಂಡ ನಾನು ಕಟ್ಟೆಯ ಎದುರು ನಿಂತೆವು. ಕಾಕ ಬಸ್ಸಿನ ಮೆಟ್ಟಿಲಲ್ಲೇ ಕೈಕಟ್ಟಿ ನಿಂತರು. ಹಾಲು, ಎಳನೀರನ್ನು ಕಟ್ಟೆಯ ಬುಡದಲ್ಲಿಟ್ಟು ಅಮ್ಮ ಕೇಳಿದರು.

"ಅವತ್ತು ನಿನ್ನದು ತಪ್ಪಾದದ್ದು ಎಂತದ್ರಲ್ಲಿ ಮಗಾ? ಕೂತದ್ರಲ್ಲಾ, ನೋಡದ್ದರಲ್ಲಾ?"

ಕಂಡಕ್ಟರಣ್ಣ ಕಟ್ಟೆಯ ಕಡೆ ನೋಡಿದರು. "ನೋಡದ್ದರಲ್ಲಿ."

"ಮತ್ತೆ ಶಿಕ್ಷೆ ಕಾಲಿಗೆ ಯಾಕೆ? ನೋಡ್ತೇನೆ ಅಂತ ಹೇಳು. ಕೂತ್ಕೊಂಡು ನೋಡ್ಲಿಕ್ಕೆ ಆಗುದಿಲ್ವಾ?"

"ನಾಗ ಒಪ್ತಾನಾ ಅಮ್ಮಾ?"

"ಅವನು ನೆಲದಲ್ಲಿ ಹೋಗುವವ. ನೀನು ಮೇಲೆ ನಿಂತದ್ದು ಅವನಿಗೆ ಎಲ್ಲಿ ಕಾಣ್ತದೆ? ಬಗ್ಗಿ ನೋಡಿದ್ರೆ ಕಾಣ್ತದೆ."

ಕಂಡಕ್ಟರಣ್ಣ ತಪ್ಪುಕಾಣಿಕೆಯ ನಾಣ್ಯವನ್ನು ಕಟ್ಟೆಯ ಮೇಲಿಟ್ಟು ತುಳುವಿನಲ್ಲಿ ಏನೋ ಹೇಳಿಕೊಂಡರು. ನಮಗೆ ಕೇಳಿಸಲಿಲ್ಲ, ಕೇಳಿಸಬೇಕಾದದ್ದು ನಮಗೂ ಅಲ್ಲ. ಅಮ್ಮ ನನ್ನಿಂದ ಮಗುವನ್ನು ತೆಗೆದುಕೊಂಡು ಮನೆಯ ಕಡೆ ನಡೆದರು. ಬಸ್ಸಿಗೆ ಹತ್ತಿದವರು ಹಿಂದಿನ ಬಾಗಿಲ ಪಕ್ಕದ ಸೀಟಿನ ಎದುರು ಸ್ವಲ್ಪ ಹೊತ್ತು ನಿಂತರು. ಆ ಸೀಟಿನಲ್ಲಿದ್ದವರು ಆಗಲೇ ಎದ್ದಾಗಿತ್ತು. ಮೆಲ್ಲನೆ, ಬಿಸಿನೀರಿಗೆ ಇಳಿಯುವವರ ಹಾಗೆ, ಕೂತರು.

"ಕಾಲು ಮೇಲೆ, ಕಾಲು ಮೇಲೆ!" ಎಂದು ಕಾಕ ತಮ್ಮ ಸೋಪಿನ ರಟ್ಟಿನ ಪೆಟ್ಟಿಗೆಯನ್ನು ತಂದು ಆ ಕಾಲಿನ ಕೆಳಗಿಟ್ಟರು. "ಅದರಲ್ಲಿ ಎಣ್ಣೆ ಇಲ್ಲ, ಹೆದರ್ಬೇಡ." ಇಡೀ ಬಸ್ಸು ನಕ್ಕಿತು. ಕಂಡಕ್ಟರಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮುಂದೆ ಹಿಂದೆ, ಚಕ್ರದ ಬುಡ, ಎಲ್ಲ ನೋಡಿದರು. ಆಮೇಲೆ ವಿಸಿಲ್ ಊದಿದರು.

ಅಂದಿನಿಂದ ಬಸ್ಸಿನಲ್ಲಿ, ಅವರು ಏಳಬೇಕಾಗದ ಹಾಗೆ, ಟಿಕೆಟುಗಳು ಕೈಯಿಂದ ಕೈಗೆ ಹೋಗತೊಡಗಿದವು. ಯಾರಿಗೂ ಯಾರೂ ಹೇಳಿದ್ದಲ್ಲ.

ಮರುದಿನ ವೇಣೂರು ಬರುವ ಮೊದಲೇ ನಾನು ಎದ್ದು ಹೋಗಿ ಮಗುವನ್ನು ಅವರ ಎದುರು ಹಿಡಿದೆ. ಅವರು ಕೈ ಚಾಚಲಿಲ್ಲ. "ಈಗ ಬೇಡ ಟೀಚರೇ. ಒಣಗಲಿ" ಎಂದರು. ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರಲ್ಲ ಎಂದೆ. "ಗೊತ್ತುಂಟು. ಆದರೂ ಒಣಗಲಿ." ಆ ಮಳೆಗಾಲ ಮುಗಿಯುವ ತನಕ ನಾನು ದಿನಾ ಬಸ್ಸು ನಿಲ್ಲಿಸಿ ಇಳಿದೆ, ದಿನಾ ಹತ್ತಿದೆ. ಅವರು ಸಿಟ್ಟಿನಿಂದ ಹಾಗೆ ಮಾಡಿದ್ದಲ್ಲ. ನನಗೆ ಮಾತ್ರ ಒಂದೊಂದು ದಿನವೂ ಶಿಕ್ಷೆಯೇ ಆಗಿತ್ತು.

ನವರಾತ್ರಿ ಕಳೆಯುವಾಗ ಊತ ಇಳಿಯಿತು. ಪ್ಯಾಂಟಿನ ಕಲೆ ಅಂಗೈಯಗಲದಿಂದ ನಾಣ್ಯದಷ್ಟಾಗಿ, ಆಮೇಲೆ ಇಲ್ಲವಾಯಿತು. ದೀಪಾವಳಿಗೆ ಧಣಿಗಳು ಕರೆದು ಕಾಲು ನೋಡಿ, ಏನೂ ಹೇಳದೆ ಕಳಿಸಿದರಂತೆ. ಅದರ ಮಾರನೆಯ ಬೆಳಿಗ್ಗೆ, ವೇಣೂರು ಇನ್ನೂ ದೂರ ಇರುವಾಗಲೇ ಕಂಡಕ್ಟರಣ್ಣ ನನ್ನ ಸೀಟಿನ ಹತ್ತಿರ ಬಂದು ನಿಂತರು. ಎರಡೂ ಕೈಗಳನ್ನು ಪ್ಯಾಂಟಿಗೆ ಒರಸಿಕೊಂಡರು. ಆಮೇಲೆ ಚಾಚಿದರು. ಮಗು ಹಾರಿಕೊಂಡು ಹೋಯಿತು.

"ಪಾರ್ಸೆಲ್ ಭಾರ ಆಗಿದೆ ಟೀಚರೇ!"

ಕಿಟಕಿಯಿಂದ ನೋಡಿದೆ. ಅಮ್ಮ ರಸ್ತೆಯ ಬದಿಯಲ್ಲಿ ಸೆರಗು ಸಿಕ್ಕಿಸಿಕೊಂಡು, ಕೈ ಚಾಚಿ...

ಮರುವರ್ಷ ನನಗೆ ಮೂಡುಬಿದಿರೆಯ ಹತ್ತಿರಕ್ಕೇ ವರ್ಗವಾಯಿತು. ಆ ಬಸ್ಸಿನ ಸಂಬಂಧ ಅಲ್ಲಿಗೆ ಮುಗಿಯಿತು. ಕಾಕ ತೀರಿಕೊಂಡದ್ದು ಪತ್ರಿಕೆಯಲ್ಲಿ ನೋಡಿ ಗೊತ್ತಾಯಿತು. ಅಮ್ಮನೂ ಹೋದರು. ಕಂಡಕ್ಟರಣ್ಣನಿಗೆ ನಾನು ಹೇಳಬೇಕಾಗಿದ್ದ ಒಂದು ಮಾತು ಮಾತ್ರ ಹಾಗೆಯೇ ಉಳಿದುಬಿಟ್ಟಿತ್ತು.

ಕಾಲಿಗೆ ಬ್ಯಾಂಡೇಜು ಕಟ್ಟಿಸಿಕೊಂಡು ಬೆಳ್ತಂಗಡಿಯ ಡಾಕ್ಟರಲ್ಲಿಂದ ಹೊರಗೆ ಬಂದ ಮೇಲೆ ಕಾರಿನಲ್ಲಿ ಇಷ್ಟನ್ನೂ ಹೇಳಿದೆ. "ಮೂವತ್ತು ವರ್ಷದ ಮೇಲೆ ಕಂಡಕ್ಟರಿಂದ ನಿನಗೆ ಹರಡಿತಾ ಹಾಗಾದ್ರೆ?" ಎಂದರು ಯಜಮಾನರು. ಮಗಳು ನಗಲಿಲ್ಲ. ಮೂಡುಬಿದಿರೆಗೆ ತಿರುಗುವ ಬದಲು ಕಾರನ್ನು ಚಾರ್ಮಾಡಿಯ ದಾರಿಗೆ ತಿರುಗಿಸಿದಳು.

ಅಲ್ಲಿ ಎರಡು ಅಂಗಡಿಯಲ್ಲಿ ಕೇಳಿದ್ದೇ ಸಾಕಾಯಿತು. ಅವರು ಜಗಲಿಯಲ್ಲಿ ಒಂದು ಕುರ್ಚಿಯಲ್ಲಿ ಕೂತು, ಎಡಗಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟಿದ್ದರು. ತಲೆ ಪೂರ್ತಿ ಬಿಳಿ. ಕಾಲಿಗೆ ಅದೇ ಬ್ಯಾಂಡೇಜು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಕಾಲನ್ನು ಗುರುತಿಸಲು ಬೇಕಾಗಲಿಲ್ಲ.

"ಅಯ್ಯೋ ಟೀಚರೇ, ಇದು ಯಾರು ಕಟ್ಟಿದ್ದು? ಬಿಚ್ಚಿ, ಬಿಚ್ಚಿ."

ಹೆಂಡತಿಯಿಂದ ಒಂದು ಮಣೆ ತರಿಸಿ, ನನ್ನ ಕಾಲನ್ನು ಅದರ ಮೇಲಿಟ್ಟು, ತಾವೇ ಸುತ್ತಿ ತೋರಿಸಿದರು. ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲು ಕಟ್ಟಬೇಕು. ಬೆರಳ ಬುಡದಿಂದ ಸುರು. ಒಂದೊಂದು ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಕೆಳಗೆ ಬಿಗಿ, ಮೇಲೆ ಹೋದ ಹಾಗೆ ಸಡಿಲ. ಆಮೇಲೆ ತಲೆಯೆತ್ತಿ ಮಗಳನ್ನು ನೋಡಿದರು.

"ಪಾರ್ಸೆಲ್ಲಾ ಇದು?"

ಮಗಳು ನಕ್ಕಳು. ಇದೇ ಸಮಯ ಎಂದು ನಾನು ಬಾಯಿ ತೆರೆದೆ. "ಕಂಡಕ್ಟರಣ್ಣ, ಆವತ್ತು ನಾನು ಮಗುವನ್ನು ಕೊಡಲಿಲ್ಲ..."

ಅವರು ಕ್ಲಿಪ್ಪು ಸಿಕ್ಕಿಸುತ್ತಿದ್ದರು. "ನನ್ನ ಮಗು ಆಗಿದ್ರೆ ನಾನೂ ಕೊಡ್ತಿರಲಿಲ್ಲ ಟೀಚರೇ" ಎಂದರು. ಎರಡನೆಯ ಕ್ಲಿಪ್ಪು ಸಿಕ್ಕಿಸಿ, ಸರಿಯಾಗಿ ಕೂತಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಆದರೆ ಮತ್ತೆ ನೀವೇ ಎದ್ದು ಬಂದು ಕೊಟ್ರಲ್ಲ, ಕಾಲು ಒದ್ದೆ ಇರುವಾಗಲೇ. ಅದನ್ನು ನನ್ನ ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೆ ಅಂತ ಅವಳ ಹತ್ರವೇ ಕೇಳಿ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ನನಗೆ ಬಾಯಿಪಾಠ ಬರ್ತದೆ" ಎಂದರು.

ಹೊರಡುವಾಗ ನಾವು ಕಾರು ಹತ್ತಿದ ಮೇಲೆ ಅವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ, ಚಕ್ರಗಳ ಬುಡವನ್ನು ಒಂದು ಸಲ ನೋಡಿದರು. ಆಮೇಲೆಯೇ ಕೈ ಎತ್ತಿದರು. "ರೈಟ್, ಪೋಯಿ!"

ಈಗ ನನ್ನ ಕಾಲಿನ ತುರಿಕೆ ನಿಂತಿದೆ. ಬಣ್ಣ ಹೋಗಿಲ್ಲ, ಹೋಗಲಿಕ್ಕಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ದಿನಾ ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲು, ಅರ್ಧಕ್ಕೆ ಅರ್ಧ ಮುಚ್ಚಿ, ಕೆಳಗೆ ಬಿಗಿ ಮೇಲೆ ಸಡಿಲ, ಅವರು ತೋರಿಸಿದ ಹಾಗೆಯೇ ಸುತ್ತುತ್ತೇನೆ. ಕಟ್ಟಿದ್ದು ಸರಿಯಾಯಿತೇ ಎಂದು ಕೇಳಲು ಇನ್ನು ಅವರಿಲ್ಲ.

ನಾವು ಹೋಗಿಬಂದ ಎರಡು ತಿಂಗಳಿಗೆ ಅವರು ನಿದ್ದೆಯಲ್ಲೇ ಹೋದರು. ಸುದ್ದಿ ತಿಳಿದು ನಾನೂ ಮಗಳೂ ಹೊರಟು ಮುಟ್ಟುವಾಗ ಸ್ನಾನ ಮಾಡಿಸಿ ಜಗಲಿಯಲ್ಲಿ ಮಲಗಿಸಿದ್ದರು. ಬಿಚ್ಚಿದ ಬ್ಯಾಂಡೇಜನ್ನು ಯಾರೋ ಸುರುಳಿ ಸುತ್ತಿ, ಕ್ಲಿಪ್ಪು ಸಿಕ್ಕಿಸಿ, ಕಿಟಕಿಯ ದಂಡೆಯ ಮೇಲೆ ಇಟ್ಟಿದ್ದರು. ಎಡಗಾಲು ಕಪ್ಪಗಿತ್ತು. ಒಣಗಿತ್ತು. ಮಗಳು ಮೊದಲು ಹೋಗಿ ಆ ಕಾಲು ಮುಟ್ಟಿ ನಮಸ್ಕರಿಸಿದಳು. ಆಮೇಲೆ ನಾನು ಮುಟ್ಟಿದೆ.